ಸಜ್ಜೆಯ ಕಬ್ಬಿಣ, ಸಣ್ಣಕ್ಕಿಯ ಸತು

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೊರಟರೆ ನಾಲೆಯ ಭತ್ತ ಹಿಂದೆ ಬಿದ್ದು ಸಜ್ಜೆ, ತೊಗರಿ, ಬಿಳಿಜೋಳದ ಖುಷ್ಕಿ ಹೊಲಗಳು ಎದುರಾಗುತ್ತವೆ. ತುಂಗಭದ್ರಾ ಎಡದಂಡೆ ನಾಲೆ ಬಂದ ಮೇಲೆ ಸಿಂಧನೂರಿನ ಸುತ್ತ ಕ್ಯಾಂಪುಗಳು ಎದ್ದವು, ರೊಟ್ಟಿಯ ಜಾಗಕ್ಕೆ ಅನ್ನ ಬಂತು. ಹೊಟ್ಟೆ ತುಂಬಿತು. ಆದರೆ ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ ತೀರಾ ಕಡಿಮೆ, ಸತುವೂ ಸಾಲದು. ಈ ಕೊರತೆಯನ್ನು ಮಾತ್ರೆಯ ಜೊತೆಗೆ ಕಾಳಿನಿಂದಲೂ ತುಂಬಬಹುದೆಂದು ನಂಬಿದವರ ಸಂಶೋಧನೆಗೆ ಈಗ ಎರಡು ದಶಕ ದಾಟಿದೆ.

ಆ ನಂಬಿಕೆಗೆ ಬಲ ಕೊಟ್ಟವರು ಬೆಳೆ ವಿಜ್ಞಾನಿಯಲ್ಲ, ಅರ್ಥಶಾಸ್ತ್ರಜ್ಞ ಹೊವಾರ್ತ್ ಬೂಯಿಸ್. ಅವರು ಕಟ್ಟಿದ ಹಾರ್ವೆಸ್ಟ್‌ಪ್ಲಸ್ ಯೋಜನೆಯ ನೆರವಿನಿಂದ ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಸಜ್ಜೆಯನ್ನು ಕೈಗೆತ್ತಿಕೊಂಡಿತು. ಮೊದಲು ತಳಿವಿಜ್ಞಾನಿ ಕಲಿಯಬೇಕಾದದ್ದು ಧೂಳಿನ ಪಾಠ. ತೆನೆಗೆ ಅಂಟಿದ ಮಣ್ಣಿನಲ್ಲೂ ಕಬ್ಬಿಣವಿರುವುದರಿಂದ ಲೆಕ್ಕ ಸುಳ್ಳಾಗುತ್ತದೆ. ಅದಕ್ಕೇ ಕಾಳಿನ ಅಲ್ಯೂಮಿನಿಯಂ ಅಳೆದು, ಅದು ಹೆಚ್ಚಿದ್ದರೆ ಮಾದರಿಯನ್ನೇ ಅನುಮಾನಿಸುವುದು ರೂಢಿಯಾಯಿತು. ಆಮ್ಲದಲ್ಲಿ ಕರಗಿಸಿ ಅಳೆಯುವ ದುಬಾರಿ ಕೆಲಸದ ಭಾರವನ್ನು ಎಕ್ಸ್‌ರೇ ಯಂತ್ರ ಇಳಿಸಿದ ಮೇಲೆ ಸಾವಿರಾರು ಮಾದರಿ ಸೋಸುವುದು ಸಾಧ್ಯವಾಯಿತು. 2012ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾದ ಧನಶಕ್ತಿ ಹಳೆಯ ಐಸಿಟಿಪಿ 8203 ತಳಿಯೊಳಗಿಂದಲೇ ಆರಿಸಿದ್ದು. ಕಿಲೋಗೆ 71 ಮಿಲಿಗ್ರಾಂ ಕಬ್ಬಿಣ. ಹೈಬ್ರಿಡ್ ಅಲ್ಲದ್ದರಿಂದ ರೈತರು ಬೀಜ ಕಟ್ಟಿಡಬಹುದು. ನನಗೆ ಇದೇ ಅದರ ದೊಡ್ಡ ಗುಣ.

ಕಾಳಿನಲ್ಲಿದ್ದದ್ದು ಮೈಗೆ ಹತ್ತುತ್ತದೆಯೇ? ಸಜ್ಜೆಯ ಫೈಟಿಕ್ ಆಮ್ಲ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ವೈದ್ಯರು ಈ ಕ್ಷೇತ್ರಕ್ಕೆ ಬರಲೇಬೇಕಾಯಿತು. ಉತ್ತರ ಸಿಕ್ಕಿದ್ದು ನಮ್ಮ ಬೆಳಗಾವಿಯಲ್ಲೇ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ, ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ಸಜ್ಜೆಯ ಅಡುಗೆ ಉಣಿಸಿ, ಐಸೊಟೋಪುಗಳ ಜಾಡು ಹಿಡಿದು ಅಳೆದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಸಾರವರ್ಧಿತ, ಅಂದರೆ ಕಬ್ಬಿಣ ಹೆಚ್ಚಿರುವ ತಳಿಯ ಸಜ್ಜೆ ಉಂಡ ಮಕ್ಕಳು ಹೀರಿಕೊಂಡ ಕಬ್ಬಿಣ ಸಾಮಾನ್ಯ ಸಜ್ಜೆಯ ಎರಡು ಪಟ್ಟಿಗೂ ಮೀರಿತ್ತು. ಇಡೀ ಕ್ಷೇತ್ರದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಕೆಲಸ ಇದು.

2018ರಲ್ಲಿ ಭಾರತದಲ್ಲಿ ಸಜ್ಜೆ ತಳಿಯ ಬಿಡುಗಡೆಗೆ ಕಿಲೋಗೆ ಕನಿಷ್ಠ 42 ಮಿಲಿಗ್ರಾಂ ಕಬ್ಬಿಣ, 32 ಮಿಲಿಗ್ರಾಂ ಸತು ಇರಲೇಬೇಕೆಂಬ ಷರತ್ತು ಬಂತು. ಅದೇ ವರ್ಷ ಜೋಳದಲ್ಲೂ ಪರ್ಭಣಿ ಶಕ್ತಿ ಎಂಬ ಸಾರವರ್ಧಿತ ತಳಿ ಬಂತು. ಆದರೆ ಮಾಲ್ದಂಡಿ ಜೋಳದ ಹೊಳಪು, ರೊಟ್ಟಿಯ ಮೆದುತನ ಬಲ್ಲ ನಮ್ಮ ಹೆಣ್ಣುಮಕ್ಕಳು ಹಿಟ್ಟು ನಾದಿ ನೋಡದೆ ಯಾವ ಜೋಳವನ್ನೂ ಒಪ್ಪುವುದಿಲ್ಲ.

ಭತ್ತದ ಕಥೆ ಬೇರೆ. ಪಾಲಿಶ್ ಮಾಡಿದಾಗ ಕಬ್ಬಿಣ ತೌಡಿನ ಪಾಲಾಗುತ್ತದೆ, ಸತು ಮಾತ್ರ ಸಾಕಷ್ಟು ಒಳಗೇ ಉಳಿಯುತ್ತದೆ. ಅದಕ್ಕೇ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಸತುವನ್ನೇ ಬೆನ್ನುಹತ್ತಿತು. 2016ರಲ್ಲಿ ಬಂದ ಡಿಆರ್‌ಆರ್ ಧಾನ್ 45ರ ಪಾಲಿಶ್ ಅಕ್ಕಿಯಲ್ಲಿ ಕಿಲೋಗೆ 22.6 ಮಿಲಿಗ್ರಾಂ ಸತುವಿದೆ. ಸಾಮಾನ್ಯ ಅಕ್ಕಿಯಲ್ಲಿ ಅದು 12ರಿಂದ 16.

ಸಿಂಧನೂರಿನ ಸುಣ್ಣದಂಶದ ಎರೆಮಣ್ಣಿನಲ್ಲಿ, ಅದರಲ್ಲೂ ನೀರು ನಿಂತ ಗದ್ದೆಯಲ್ಲಿ, ಸತು ಬೇರಿಗೆ ಸುಲಭವಾಗಿ ಸಿಗದು. ಸಸಿ ತುಕ್ಕು ಬಣ್ಣಕ್ಕೆ ತಿರುಗಿದಾಗ ರೈತರು ಜಿಂಕ್ ಸಲ್ಫೇಟ್ ಎರಚುತ್ತಾರೆ. ಬೇರಿಗೆ ಸಿಗದ್ದನ್ನು ತಳಿ ಎಲ್ಲಿಂದ ತಂದೀತು? ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಹುಡುಗ ಹುಡುಗಿಯರಿಗೆ ಕೆಲಸವಿರುವುದು ಇಲ್ಲೇ: ಯಾವ ತಳಿಗೆ, ಯಾವ ಮಣ್ಣಲ್ಲಿ, ಎಷ್ಟು ಸತು ಯಾವಾಗ ಕೊಟ್ಟರೆ ಅದು ಕಾಳಿನವರೆಗೆ ಏರುತ್ತದೆ ಎಂದು ಗದ್ದೆಯಲ್ಲಿ ನಿಂತು ಅಳೆಯುವುದು, ಮತ್ತೆ ಆ ಅಕ್ಕಿ ಅಂಗನವಾಡಿಯ ತಟ್ಟೆಗೆ ಬಂದಾಗ ಮಗುವಿನ ರಕ್ತದಲ್ಲಿ ಅಳೆಯುವುದು.