ಹಳಿಬಂಡಿಗೆ ಟೈರು ಬಂದ ಕಥೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿ ಮಾಡಿದ್ದರು. ಅವರಿಗೇ ಈಗ ಐವತ್ತು ದಾಟಿದೆ. ಆದರೂ ಧ್ವನಿ ಕೇಳಿದೊಡನೆ ನನ್ನ ಕಣ್ಣ ಮುಂದೆ ಬಂದು ನಿಂತವನು ಕೊನೆಯ ಬೆಂಚಿನ ಹುಡುಗನೇ. ಅವರ ಮಗ ಹೊಸ ಮೋಟಾರ್ ಸೈಕಲ್ ಕೊಂಡು ಆರು ತಿಂಗಳೂ ತುಂಬಿಲ್ಲವಂತೆ. ಅಷ್ಟರಲ್ಲೇ ಸೈಲೆನ್ಸರ್ ಬದಲಿಸಬೇಕು, ಗಾಳಿ ಸೋಸುವ ಫಿಲ್ಟರ್ ಬದಲಿಸಬೇಕು, ಎಂಜಿನ್ನಿನೊಳಗಿನ ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬಿಸಬೇಕು ಎಂದು ಹಟ ಹಿಡಿದಿದ್ದಾನಂತೆ. ಕೆಲಸಕ್ಕೆ ಹೋಗಿಬರಲು ಕೊಂಡ ಗಾಡಿಗೆ ಇಷ್ಟೆಲ್ಲ ಬೇಕೆ ಎಂಬುದು ತಂದೆಯ ಪ್ರಶ್ನೆ. ಕೊನೆಗೆ ನಗುತ್ತ, "ಸರ್, ನೀವು ಇತಿಹಾಸ ಕಲಿಸಿದವರು. ಇದಕ್ಕೂ ಏನಾದರೂ ಇತಿಹಾಸ ಉಂಟೇ?" ಎಂದು ಕೇಳಿದರು.

ಅವರು ವಿನೋದಕ್ಕೆ ಕೇಳಿರಬಹುದು. ಆದರೆ ಉಂಟು. ನಮ್ಮ ಊರಿನಲ್ಲೇ ಉಂಟು, ನಮ್ಮ ಮನೆಯಲ್ಲೇ ಉಂಟು. ಆ ದಿನ ಫೋನಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದಢೇಸುಗೂರು ತುಂಗಭದ್ರೆಯ ದಂಡೆಯ ಊರು. ಹೊಳೆಯ ಆಚೆಗೆ ಸಿರುಗುಪ್ಪದ ಸೀಮೆ, ಈಚೆಗೆ ಸಿಂಧನೂರಿನ ಸೀಮೆ. ಎರೆಮಣ್ಣಿನ ನಾಡು ಇದು. ಬೇಸಗೆಯಲ್ಲಿ ಅಂಗೈ ಹಿಡಿಯುವಷ್ಟು ಬಿರುಕು ಬಿಡುವ ಈ ಮಣ್ಣು, ಒಂದು ಹದ ಮಳೆ ಬಿದ್ದರೆ ಅಂಬಲಿಯಂತಾಗಿ ಕಾಲು ಹಿಡಿದು ಬಿಡಲೊಲ್ಲದು. ಇಂಥ ನೆಲದಲ್ಲಿ ನಮ್ಮ ಬಾಲ್ಯದ ದಿನಬಳಕೆಯ ವಾಹನವೆಂದರೆ ಹಳಿಬಂಡಿ. ಹೊಲಕ್ಕೆ, ಸಂತೆಗೆ, ಜಾತ್ರೆಗೆ, ಹೆಣ್ಣು ಕರೆತರುವುದಕ್ಕೆ, ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದಕ್ಕೆ ಅದೇ.

ಆ ಬಂಡಿಯ ಗಾಲಿ ಒಂದು ಊರಿನ ಕೈಕೆಲಸವೆಲ್ಲ ಕೂಡಿದ ವಸ್ತು. ನಡುವೆ ಗಟ್ಟಿ ಮರದ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಅವನ್ನು ಬಿಗಿದ ದುಂಡನೆಯ ಮರದ ಹೊರಸುತ್ತು: ಇಷ್ಟು ಬಡಿಗೇರನದು. ಅದರ ಮೇಲಿನ ಕಬ್ಬಿಣದ ಹಳಿ ಕಂಬಾರನದು. ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿಯೇ ಮಾಡುತ್ತಿದ್ದರು. ನೆಲದ ಮೇಲೆ ಕುಳ್ಳು ಜೋಡಿಸಿ ಬೆಂಕಿಯಿಟ್ಟು, ಹಳಿ ಕೆಂಪಗೆ ಕಾದು ಹಿಗ್ಗಿದಾಗ ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸುತ್ತಿದ್ದರು. ಮರ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿಯಬೇಕು. ಕಬ್ಬಿಣ ಕುಗ್ಗಿ ಅರೆಕಾಲುಗಳು ಕಟಕಟನೆ ಬಿಗಿದುಕೊಳ್ಳುವ ಆ ಸದ್ದನ್ನು ಕೇಳಲು ಶಾಲೆ ತಪ್ಪಿಸಿ ನಿಂತವರಲ್ಲಿ ನಾನೂ ಒಬ್ಬ. (ಮುಂದೆ ಶಾಲೆ ತಪ್ಪಿಸಿದ ನಿಮ್ಮನ್ನು ನಾನು ದಂಡಿಸಿದ್ದು ಬೇರೆ ಮಾತು.) ಶಾಖಕ್ಕೆ ಲೋಹ ಹಿಗ್ಗುತ್ತದೆ ಎಂಬ ಪಾಠವನ್ನು ಪುಸ್ತಕದಲ್ಲಿ ಓದುವ ಎರಡು ವರ್ಷ ಮೊದಲೇ ನಾನು ಅಲ್ಲಿ ಕಲಿತಿದ್ದೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿಯತೊಡಗಿತು. ಎಡದಂಡೆ ಕಾಲುವೆ ಮತ್ತು ಅದರ ಕವಲುಗಳು ವರ್ಷ ವರ್ಷಕ್ಕೆ ಮುಂದುವರಿದು ಸಿಂಧನೂರಿನ ಸೀಮೆಯನ್ನು ಮುಟ್ಟಿದವು. ಕಾಲುವೆಯನ್ನು ಯೋಜಿಸಿದವರು ಈ ಭಾಗದ ಬಹುಪಾಲು ಭೂಮಿಗೆ ಜೋಳ, ಹತ್ತಿಯಂಥ ಹಗುರ ನೀರಾವರಿಯ ಬೆಳೆ ಎಂದು ಗೊತ್ತುಪಡಿಸಿದ್ದರು; ರೈತರು ಬೆಳೆದದ್ದು ಭತ್ತ. ಆಂಧ್ರದಿಂದ ಬಂದು ಕ್ಯಾಂಪು ಹೂಡಿದ ರೈತರು ಮೊದಲು, ಅವರನ್ನು ನೋಡಿ ನಮ್ಮವರು ಆಮೇಲೆ. ಜೋಳದ ಕಾಲದಲ್ಲಿ ವರ್ಷದ ರಾಶಿ ನಾಲ್ಕಾರು ಬಂಡಿಯಲ್ಲಿ ಮನೆ ಸೇರುತ್ತಿತ್ತು. ಭತ್ತ ಹಾಗಲ್ಲ, ಅದು ಗಿರಣಿಗೆ ಹೋಗಬೇಕು, ಬೇಗ ಹೋಗಬೇಕು, ಬಹಳ ಹೋಗಬೇಕು. ಹಳಿಬಂಡಿ ಏದುಸಿರು ಬಿಡತೊಡಗಿದ್ದು ಆಗ.

ಟೈರ್ ಬಂಡಿ ನಮ್ಮೂರಿಗೆ ಬಂದದ್ದು ಹೀಗೆ. ನಮ್ಮ ತಂದೆಯವರು 1967ರಲ್ಲಿ ಬಂಡಿಯ ಮೂಕಿಯನ್ನೂ ನೊಗವನ್ನೂ ಹಾಗೆಯೇ ಇಟ್ಟುಕೊಂಡು, ಹಳಿಗಾಲಿ ಎರಡನ್ನೂ ಕಳಚಿ, ಕಬ್ಬಿಣದ ಇರುಸಿಗೆ ಹಳೆಯ ಟೈರಿನ ಗಾಲಿ ಹಾಕಿಸಿದರು. ಕಂಪನಿಯಲ್ಲಿ ತಯಾರಾದ ಹೊಸ ವಾಹನವಲ್ಲ. ಇದ್ದ ವಾಹನಕ್ಕೆ ಆಮೇಲೆ ತೊಡಿಸಿದ ಹೊಸ ಕಾಲು. ಇಂದಿನ ಹುಡುಗರು ಮಾಡಿಸುತ್ತಿರುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಏನೂ ವ್ಯತ್ಯಾಸವಿಲ್ಲ.

ಆ ಟೈರಿನ ಮೂಲವೂ ಸ್ವಾರಸ್ಯಕರವಾಗಿದೆ. ಗಾಳಿ ತುಂಬಿದ ಟೈರಿಗೆ ಮೊದಲು ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆಗ ಮೋಟಾರು ಇರಲಿಲ್ಲ, ಇಂದಿನಂಥ ಸೈಕಲ್ಲೂ ಇರಲಿಲ್ಲ. ಅವನು ಅದನ್ನು ಕುದುರೆಗಾಡಿಗೆ ಹಾಕಿ ತೋರಿಸಿದ. ಲೋಕ ಮರೆತುಬಿಟ್ಟಿತು. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಪುನಃ ಕಂಡುಹಿಡಿದ. ಈ ಡನ್ಲಪ್ ವೃತ್ತಿಯಿಂದ ಪಶುವೈದ್ಯ! ಅವನ ಹೆಸರು ಹೊತ್ತ ಕಂಪನಿ 1936ರ ಹೊತ್ತಿಗೆ ಬಂಗಾಳದ ಸಾಹಾಗಂಜಿನಲ್ಲಿ ಕಾರ್ಖಾನೆ ತೆರೆಯಿತು. ದೇಶದ ಹಲವೆಡೆ ಟೈರಿನ ಎತ್ತಿನ ಗಾಡಿಗೆ ಡನ್ಲಪ್ ಗಾಡಿ ಎಂದೇ ಹೆಸರಾಯಿತು. ಪಶುವೈದ್ಯನ ಕೈಯಲ್ಲಿ ಮರುಹುಟ್ಟು ಪಡೆದದ್ದು ಹೀಗೆ ಪಶುವಿನ ಬೆನ್ನ ಹಿಂದೆಯೇ ಬಂದು ನಿಂತಿತು.

ಟೈರಿನಿಂದ ಎತ್ತಿಗೆ ಅನುಕೂಲವಾಯಿತೇ? ಆಯಿತು, ಅದರಲ್ಲಿ ಸಂಶಯವಿಲ್ಲ. ಕಿರಿದಾದ ಕಬ್ಬಿಣದ ಹಳಿ ಮೆತ್ತನೆಯ ನೆಲದಲ್ಲಿ ಹೂತುಕೊಳ್ಳುತ್ತದೆ. ಎತ್ತು ಪ್ರತಿ ಹೆಜ್ಜೆಗೂ ಬಂಡಿಯನ್ನು ಒಂದು ಸಣ್ಣ ಗುಂಡಿಯಿಂದ ಮೇಲೆತ್ತುತ್ತಲೇ ಇರಬೇಕು. ಅಗಲವಾದ ಟೈರು ಭಾರವನ್ನು ಹರಡಿಕೊಂಡು ಮೇಲೆಯೇ ತೇಲುತ್ತದೆ. ಒಳಗಿನ ಗುಂಡುಗಳ ಬೇರಿಂಗು ಇರುಸಿನ ತಿಕ್ಕಾಟವನ್ನು ಇಲ್ಲವೆನಿಸುತ್ತದೆ. ಕೀಲೆಣ್ಣೆ ಹಚ್ಚುವ ಗೋಜು ತಪ್ಪಿತು, ಕಿರುಗುಟ್ಟುವ ಸದ್ದು ನಿಂತಿತು. ಮೊದಲ ವಾರ ನಮ್ಮ ಎತ್ತುಗಳು ಖಾಲಿ ಬಂಡಿ ಎಳೆಯುತ್ತಿದ್ದೇವೆಂದು ಭ್ರಮಿಸಿದಂತೆ ಓಡುತ್ತಿದ್ದವು. ಮೊಣಕಾಲುದ್ದ ಕೆಸರಿನಲ್ಲಿ ಮಾತ್ರ ಹಳಿಗಾಲಿಯೇ ಮೇಲಾಗಿತ್ತು. ಅದು ಕೆಸರನ್ನು ಸೀಳಿ ಗಟ್ಟಿನೆಲ ಮುಟ್ಟುತ್ತಿತ್ತು, ಟೈರು ಅಲ್ಲೇ ಜಾರಿ ಮಣ್ಣಿನ ಮುದ್ದೆಯಾಗುತ್ತಿತ್ತು.

ಆದರೆ ಎರಡನೆಯ ವಾರವೇ ತಂದೆಯವರು ಹನ್ನೆರಡು ಚೀಲದ ಬದಲು ಹದಿನಾರು ಹೇರಿದರು. ಸುಗ್ಗಿ ಮುಗಿಯುವ ಹೊತ್ತಿಗೆ ಇಪ್ಪತ್ತು. ಎಪ್ಪತ್ತೈದು ಕಿಲೋದ ಚೀಲವೆಂದರೆ 900 ಕಿಲೋ ಇದ್ದದ್ದು 1500 ಆಯಿತು. ತಂದೆಯವರು ಕ್ರೂರಿಯಲ್ಲ, ಊರಿನಲ್ಲಿ ಎಲ್ಲರೂ ಹಾಗೆಯೇ ಮಾಡಿದರು. ಟೈರಿಗೆ ಕೊಟ್ಟ ಸಾಲ ತೀರಬೇಕಲ್ಲ! ಎತ್ತಿಗೆಂದು ಬಂದ ಸುಖ ಒಂದು ಸುಗ್ಗಿಯಲ್ಲಿ ಚೀಲವಾಗಿ ಪರಿವರ್ತನೆಗೊಂಡಿತು.

ಇದು ನಮ್ಮೊಬ್ಬರ ಆಸೆಬುರುಕತನವೆಂದು ನಾನು ಬಹಳ ಕಾಲ ತಿಳಿದಿದ್ದೆ. ನಿವೃತ್ತಿಯ ನಂತರ, ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯಲು ಕೇಂದ್ರ ಸರಕಾರ 1965ರಲ್ಲಿ ಮಾಡಿದ ನಿಯಮಗಳನ್ನು ಓದಿದಾಗ ಬೆರಗಾಯಿತು. ಮಧ್ಯಮ ಗಾತ್ರದ ಎತ್ತು ಎಳೆಯುವ ಎರಡು ಗಾಲಿಯ ಬಂಡಿಗೆ ಅಲ್ಲಿ ವಿಧಿಸಿರುವ ಮಿತಿ ಹೀಗಿದೆ: ಗಾಳಿಯ ಟೈರು ಇಲ್ಲದಿದ್ದರೆ 700 ಕಿಲೋ, ಇದ್ದರೆ 1050, ಗುಂಡುಗಳ ಬೇರಿಂಗು ಇದ್ದರೆ 1400. ಲೆಕ್ಕ ತಪ್ಪೆಂದು ನಾನು ಹೇಳಲಾರೆ; ಅಷ್ಟೇ ಶ್ರಮದಲ್ಲಿ ಅಷ್ಟು ಹೆಚ್ಚು ಭಾರ ಚಲಿಸುವುದು ನಿಜ. ಅದೇ ನಿಯಮಗಳು ದಿನಕ್ಕೆ ಒಂಬತ್ತು ಗಂಟೆ ಮೀರಿ ದುಡಿಸಬಾರದು, 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಬಾರದು ಎಂದೂ ಕರುಣೆ ತೋರಿವೆ. (ನಮ್ಮ ಏಪ್ರಿಲ್ ತಿಂಗಳನ್ನು ಕಂಡವರಿಗೆ ಅದರ ಬೆಲೆ ಗೊತ್ತು.) ಆದರೂ ಮಾರ್ಪಾಡಿನ ಲಾಭವೆಲ್ಲ ಹೇರಿಗೆ ಸಲ್ಲತಕ್ಕದ್ದು, ಹೆಗಲಿಗಲ್ಲ, ಎಂಬುದನ್ನು ಎತ್ತಿನ ರಕ್ಷಣೆಗೆಂದೇ ಹುಟ್ಟಿದ ಕಾಗದವೂ ಒಪ್ಪಿಕೊಂಡಿತ್ತು.

1969ರ ಬೇಸಗೆಯಲ್ಲಿ ಆದದ್ದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಭತ್ತ ಹೇರಿಕೊಂಡು ನಾವು ಕಾಲುವೆಯ ಸೇತುವೆ ದಾಟುತ್ತಿದ್ದೆವು. ಏರು ಸುಲಭವಾಗಿ ಮುಗಿಯಿತು, ಟೈರಿನ ಮಹಿಮೆ. ಇಳಿಜಾರಿನಲ್ಲಿ ಬಂಡಿ ಎತ್ತುಗಳನ್ನು ತಳ್ಳತೊಡಗಿತು. ಹಳಿಬಂಡಿಯಾಗಿದ್ದರೆ ಗಾಲಿಯ ಒರಟುತನವೇ, ಇರುಸಿನ ತಿಕ್ಕಾಟವೇ ಅದನ್ನು ಹಿಡಿಯುತ್ತಿತ್ತು. ಅದೇ ನಮ್ಮ ಬ್ರೇಕಾಗಿತ್ತೆಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ನೊಗ ಕೊರಳಿನಿಂದ ಜಾರಿ ಕೊಂಬಿಗೆ ಬಂತು. ತಂದೆಯವರು ಮುಂದೆ ನೆಗೆದು ಮೂಕಿ ಹಿಡಿದರು. ಹದಿನೆಂಟರ ನಾನು ಹಿಂದೆ ಜೋತುಬಿದ್ದೆ. ಒಳಗಡೆಯ ಎತ್ತು ಮುಗ್ಗರಿಸಿತು. ಅದರ ಮುಂಗಾಲು ಮುರಿದ ಸದ್ದು, ಹಳಿ ಬಿಗಿಯುವಾಗ ಅರೆಕಾಲುಗಳು ಮಾಡುತ್ತಿದ್ದ ಸದ್ದಿನಂತೆಯೇ ಇತ್ತು. ಹೆಚ್ಚು ಬರೆಯಲಾರೆ.

ಅದೇ ವಾರ ತಂದೆಯವರು ಬಡಿಗೇರನಿಂದ ಒಂದು ಜಾಲಿಮರದ ತೊಲೆಯನ್ನು ಎರಡೂ ಟೈರುಗಳ ಹಿಂದೆ ಅಡ್ಡಲಾಗಿ ತೂಗುಹಾಕಿಸಿದರು. ಮುಂದಿನಿಂದ ಹಗ್ಗ ಎಳೆದರೆ ತೊಲೆ ಟೈರಿಗೆ ಒತ್ತುತ್ತಿತ್ತು. ಖರ್ಚು ಎಷ್ಟಾಯಿತೋ ನೆನಪಿಲ್ಲ. ಟೈರಿಗಾದದ್ದರ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಹದಿನಾಲ್ಕು ಚೀಲಕ್ಕಿಂತ ಹೆಚ್ಚು ಅವರು ಮತ್ತೆಂದೂ ಹೇರಲಿಲ್ಲ.

ಮುಂದೆ 1970ರ ದಶಕದಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯ ಸುಧಾರಣೆಯನ್ನೇ ಒಂದು ವ್ರತವೆಂಬಂತೆ ಕೈಗೆತ್ತಿಕೊಂಡರು. ಅವರ ಒತ್ತು ಗಾಲಿಯೊಂದರ ಮೇಲಿರಲಿಲ್ಲ. ಕೊರಳು ಕೆತ್ತುವ ನೊಗ, ಬಂಡಿಯ ಸ್ವಂತ ತೂಕ, ಬೇರಿಂಗು, ಬ್ರೇಕು ಎಲ್ಲವನ್ನೂ ಕೂಡಿಸಿ ನೋಡಬೇಕೆಂಬುದು ಅವರ ವಾದ. ಭಾರತೀಯ ವಿಜ್ಞಾನ ಸಂಸ್ಥೆಯ ಎಂಜಿನಿಯರುಗಳೂ ಆ ದಶಕದಲ್ಲಿ ಬಂಡಿಯ ಮೇಲೆ ಬೀಳುವ ಬಲಗಳನ್ನು ಉಪಕರಣ ಹಚ್ಚಿ ಅಳೆದರು. ನಮ್ಮ ಕಡೆಗೆ ಆ ಸುಧಾರಿತ ಬಂಡಿ ಬಂದದ್ದನ್ನು ನಾನು ಕಾಣೆ. ಅಷ್ಟರಲ್ಲಿ ಟ್ರ್ಯಾಕ್ಟರು ಬಂತು. ನಮ್ಮ ಕಂಬಾರನ ಕುಲುಮೆ ಅದಕ್ಕೂ ಮೊದಲೇ ಆರಿತ್ತು. ಟೈರಿಗೆ ಪಂಕ್ಚರ್ ಆದರೆ ಅದು ಅವನ ಕೆಲಸವಲ್ಲ, ಸಿಂಧನೂರಿನ ಅಂಗಡಿಯದು. ಅವನ ಮಕ್ಕಳು ಊರು ಬಿಟ್ಟರು. ಟೈರಿನ ಬೆಲೆಯಲ್ಲಿ ಇದನ್ನೂ ಸೇರಿಸಬೇಕೆಂದು ನನಗೆ ಅನ್ನಿಸುತ್ತದೆ.

ಟ್ರ್ಯಾಕ್ಟರಿಗೂ ನಮ್ಮವರು ಒಂದು ಹೊಸ ಕಾಲು ತೊಡಿಸಿದರು: ಕೇಜ್ ವೀಲ್. ಕೆಸರುಗದ್ದೆಯಲ್ಲಿ ಈ ಕಬ್ಬಿಣದ ಪಂಜರದಂಥ ಗಾಲಿಯಿಲ್ಲದೆ ರೊಳ್ಳೆ ಹೊಡೆಯುವುದು ಕಷ್ಟ. ಅಲ್ಲಿ ಅದು ಯೋಗ್ಯವಾದ ಮಾರ್ಪಾಡೇ. ಗದ್ದೆಯಿಂದ ಗದ್ದೆಗೆ ಹೋಗುವಾಗ ಅದನ್ನು ಬಿಚ್ಚುವ ತಾಳ್ಮೆಯಿಲ್ಲದೆ ಡಾಂಬರಿನ ಮೇಲೆಯೇ ಓಡಿಸಿದರೆ, ರಸ್ತೆಯ ಮೈಮೇಲೆ ಸಾಲು ಸಾಲು ಗಾಯ. ಉಳಿದ ಅರ್ಧ ಗಂಟೆ ಒಬ್ಬನಿಗೆ, ಗುಂಡಿಗಳು ಎಲ್ಲರಿಗೆ.

ಈಗ ಮೋಟಾರ್ ಸೈಕಲ್ಲಿಗೆ ಬರೋಣ. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100 ನಿಮ್ಮಲ್ಲಿ ಹಲವರ ಯೌವನದ ಕನಸಾಗಿತ್ತೆಂದು ಬಲ್ಲೆ. ಅದರ ಸೈಲೆನ್ಸರಿನ ಒಳಗಣ ಕೊಳವೆ ಕಿತ್ತೊಗೆದು, ಶಾಲೆಯ ಮುಂದೆ ಸದ್ದು ಮಾಡುತ್ತ ಹೋದವರ ಹೆಸರನ್ನೂ ಬಲ್ಲೆ, ಇಲ್ಲಿ ಬರೆಯುವುದಿಲ್ಲ! ಅಂಥ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಗೆಯೊಡನೆ ಉರಿಯದ ಪೆಟ್ರೋಲಿನ ಆವಿಯೂ ಒಂದಿಷ್ಟು ಹೊರಹೋಗುತ್ತದೆ. ಕೊಳವೆಯ ಆಕಾರದಿಂದ ಹಿಂದಿರುಗುವ ಒತ್ತಡದ ಅಲೆ ಅದನ್ನು ಮರಳಿ ಒಳತಳ್ಳುತ್ತದೆ. ಆ ಅಳತೆ ಕೆಡಿಸಿದರೆ ಪೆಟ್ರೋಲ್ ಹೆಚ್ಚು, ನಿಧಾನದಲ್ಲಿ ಎಳೆಯುವ ಬಲ ಕಡಿಮೆ. ಸದ್ದು ಏರಿದ್ದನ್ನೇ ಸವಾರ ಶಕ್ತಿಯೆಂದು ತಿಳಿಯುತ್ತಾನೆ. ಪಂದ್ಯದ ಗಾಡಿಗಳಿಗೆ ಕೊಳವೆಯನ್ನು ಬೇರೆ ಅಳತೆಯಲ್ಲಿ ಮಾಡುವುದುಂಟು, ಅವು ಸದಾ ಎತ್ತರದ ವೇಗದಲ್ಲೇ ಓಡುವುದರಿಂದ. ಹಾಲಿನ ಕ್ಯಾನು ಕಟ್ಟಿಕೊಂಡು ಓಣಿಯಲ್ಲಿ ನಿಂತು ನಿಂತು ಹೋಗುವ ಗಾಡಿಗೆ ಆ ಅಳತೆ ಒಗ್ಗದು.

ಇಂದಿನ ಎಂಜಿನ್ನು ಬೇರೆ, ನಾಲ್ಕು ಸ್ಟ್ರೋಕಿನದು, ಇಂಧನವನ್ನು ಕಂಪ್ಯೂಟರೇ ಅಳೆದು ಕೊಡುತ್ತದೆ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್ 6 ಮಾನದಂಡಕ್ಕಾಗಿ ಹೊಗೆಯ ಕೊಳವೆಯಲ್ಲಿ ವಿಷ ಕಳೆಯುವ ಸಾಧನವೂ ಇದೆ. ಸೈಲೆನ್ಸರ್ ಕಿತ್ತಾಗ ಅನೇಕ ವೇಳೆ ಅದೂ ಹೋಗುತ್ತದೆ. ಸಡಿಲವಾಗಿ ಗಾಳಿ ಬಿಡುವ ಫಿಲ್ಟರು ಧೂಳನ್ನೂ ಬಿಡುತ್ತದೆ, ನಮ್ಮ ಎರೆಮಣ್ಣಿನ ಧೂಳು ಎಂಜಿನ್ನಿನ ಒಳಗೋಡೆಯನ್ನು ಗೀರದೆ ಬಿಡದು. ಇನ್ನು ಕಾನೂನು. ತಯಾರಕರು ನಿಗದಿಪಡಿಸಿದ್ದಕ್ಕೆ ವ್ಯತಿರಿಕ್ತವಾಗುವಂತೆ ವಾಹನವನ್ನು ಬದಲಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು; ಅದೇ ವರ್ಷದ ತಿದ್ದುಪಡಿ ಕಾಯಿದೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡನ್ನೂ ವಿಧಿಸಬಹುದೆಂದಿತು.

ದಂಡದ ಮಾತನ್ನು ಹೇಳಿ ಹುಡುಗನನ್ನು ಹೆದರಿಸಬೇಡಿ ಎಂದೆ ನನ್ನ ವಿದ್ಯಾರ್ಥಿಗೆ. ಆ ವಯಸ್ಸಿನಲ್ಲಿ ದಂಡಕ್ಕೆ ಯಾರು ಹೆದರುತ್ತಾರೆ? ಅವನಿಗೆ ಹಣ ಖರ್ಚು ಮಾಡಲೇಬೇಕೆಂದಿದ್ದರೆ ಒಳ್ಳೆಯ ಟೈರು, ಬ್ರೇಕಿನ ಹೊಸ ಪ್ಯಾಡು, ಒಂದು ಗಟ್ಟಿ ಹೆಲ್ಮೆಟ್ಟು ಕೊಡಿಸಿ. ಸಾಧ್ಯವಾದರೆ ರಜೆಯಲ್ಲಿ ಇಲ್ಲಿಗೆ ಕರೆದುಕೊಂಡು ಬನ್ನಿ, ಆ ಕಾಲುವೆ ಸೇತುವೆಯನ್ನು ತೋರಿಸುತ್ತೇನೆ ಎಂದೆ. ಅವರಿನ್ನೂ ಮರುಫೋನು ಮಾಡಿಲ್ಲ.

ತಂದೆಯವರು ಕಳಚಿಸಿದ ಹಳಿಗಾಲಿಗಳಲ್ಲಿ ಒಂದು ಈಗಲೂ ನಮ್ಮ ಹಿತ್ತಿಲ ಗೋಡೆಗೆ ಒರಗಿಕೊಂಡಿದೆ. ಕಳೆದ ವರ್ಷ ಪಟ್ಟಣದಿಂದ ಬಂದವರೊಬ್ಬರು ಹೋಟೆಲಿನ ಅಂಗಳದಲ್ಲಿ ಅಲಂಕಾರಕ್ಕೆ ನಿಲ್ಲಿಸುತ್ತೇವೆಂದು ಒಳ್ಳೆಯ ಬೆಲೆಗೆ ಕೇಳಿದರು. ಕೊಡಲಿಲ್ಲ. ಅರೆಕಾಲುಗಳೆಲ್ಲ ಒಣಗಿ ಸಡಿಲಾಗಿವೆ, ಹಳಿ ಕೈಯಲ್ಲಿ ಅಲುಗಾಡುತ್ತದೆ. ಬಿಗಿಯಬೇಕೆಂದರೆ ಆ ಕೆಲಸ ಬಲ್ಲವರು ಈಗ ಸಿಂಧನೂರಿನಿಂದ ಮಸ್ಕಿಯವರೆಗೆ ಹುಡುಕಿದರೂ ನನಗೆ ಸಿಕ್ಕಿಲ್ಲ. ನಿಮಗೆ ಯಾರಾದರೂ ಗೊತ್ತಿದ್ದರೆ ತಿಳಿಸಿ.