ವೆಝೇರ್ ಕಣಿವೆಯ ಮತ್ಸ್ಯಶಿಲ್ಪ

ಫ್ರಾನ್ಸ್ ದೇಶದ ನೈಋತ್ಯಭಾಗದಲ್ಲಿ ಹರಿಯುವ ವೆಝೇರ್ ಎಂಬ ನದಿಯು ದೊರ್ದೊನ್ ನದಿಯನ್ನು ಕೂಡಿಕೊಂಡು ಅಟ್ಲಾಂಟಿಕ್ ಸಾಗರದ ಕಡೆಗೆ ಸಾಗುತ್ತದೆ. ಇದರ ದಡದ ಲೆಝೇಝಿ ಗ್ರಾಮದ ಸಮೀಪದಲ್ಲಿ, ‘ನರಕದ ಕಮರಿ’ ಎಂಬರ್ಥದ ಹೆಸರುಳ್ಳ ಕಿರುಕಣಿವೆಯೊಳಗೆ, ಸುಣ್ಣಕಲ್ಲಿನ ಬಂಡೆಯು ಮುಂಚಾಚಿ ಉಂಟಾದ ಸಣ್ಣದೊಂದು ಆಸರೆಯಿರುತ್ತದೆ. ಅದರ ಚಾವಣಿಯಲ್ಲಿ ಸುಮಾರು 1.05 ಮೀಟರು ಉದ್ದದ ಮೀನೊಂದು ಉಬ್ಬುಶಿಲ್ಪವಾಗಿ ಕೆತ್ತಲ್ಪಟ್ಟಿದೆ. ಇದು ಸುಮಾರು 25,000 ವರ್ಷಗಳ ಹಿಂದಿನದೆಂದು ವಿದ್ವಾಂಸರು ಎಣಿಸಿರುವರು. ಲೋಹವನ್ನರಿಯದ ಜನರು ಕಲ್ಲಿನ ಉಪಕರಣಗಳಿಂದಲೇ ಮಾಡಿದ ಕೆಲಸವಿದು. ಕೆಂಪು ಬಣ್ಣದ ಕುರುಹೂ ಅದರಲ್ಲಿ ಕಂಡುಬರುತ್ತದೆ. ಈ ಶಿಲ್ಪದ ರೂಪದಂತೆಯೇ ಅದಿರುವ ಸ್ಥಳವೂ ಇತಿಹಾಸಕ್ಕೆ ಪ್ರಮಾಣವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ರೂಪವನ್ನು ವಿಚಾರಿಸೋಣ. ಈ ಮೀನು ಸಾಲ್ಮನ್ ಜಾತಿಯ ಗಂಡು. ಸಾಲ್ಮನ್ ಮೀನು ಹೊಳೆಯ ಸಿಹಿನೀರಿನಲ್ಲಿ, ನೊರಜುಗಲ್ಲುಗಳ ನಡುವೆ ಹುಟ್ಟಿ, ಸಮುದ್ರಕ್ಕಿಳಿದು ಬೆಳೆದು, ಸಂತಾನೋತ್ಪತ್ತಿಗಾಗಿ ಸಾಮಾನ್ಯವಾಗಿ ತಾನು ಹುಟ್ಟಿದ ಹೊಳೆಗೇ ಪ್ರವಾಹಕ್ಕೆ ಎದುರಾಗಿ ಏರಿ ಬರುವುದು. ವಂಗದೇಶದ ಹಿಲ್ಸಾ ಮೀನು ಕಡಲಿನಿಂದ ನದಿಗಳನ್ನೇರುವುದನ್ನು ಬಲ್ಲವರಿಗೆ ಈ ಕ್ರಮವು ಅಪೂರ್ವವೆನಿಸದು. ಹೊಳೆಯನ್ನು ಹೊಕ್ಕ ಸಾಲ್ಮನ್ ಆಹಾರವನ್ನು ಬಿಡುತ್ತದೆ. ಗಂಡಿನ ಕೆಳದವಡೆಯು ಬೆಳೆದು ಮೇಲ್ಮುಖವಾಗಿ ಕೊಕ್ಕೆಯಂತೆ ಬಾಗುತ್ತದೆ. ಮೊಟ್ಟೆಯಿಡುವ ಕಾಲವು ಮುಗಿದ ಬಳಿಕ ಬಳಲಿ ಸಾಯುವ ಮೀನುಗಳೇ ಹೆಚ್ಚು. ಶಿಲ್ಪದ ಮೀನಿಗೆ ಕಿವಿರಿನ ಮುಚ್ಚಳವೂ ಈಜುರೆಕ್ಕೆಗಳೂ ಇರುವುದಲ್ಲದೆ ಈ ಕೊಕ್ಕೆದವಡೆಯೂ ಸ್ಪಷ್ಟವಾಗಿರುತ್ತದೆ. ಆದಕಾರಣ ಶಿಲ್ಪಿಯು ಕೆತ್ತಿದುದು ಕೇವಲ ಒಂದು ಮೀನನ್ನಲ್ಲ. ಪ್ರಯಾಣದ ಕೊನೆಯನ್ನು ಮುಟ್ಟಿದ ಮೀನನ್ನು. ವರ್ಷದ ಯಾವ ಋತುವಿನಲ್ಲಿ ಆ ರೂಪವು ಕಾಣಸಿಗುವುದೆಂಬ ಅರಿವು ಅವನಿಗಿದ್ದಿತೆಂದು ಇದರಿಂದ ಊಹಿಸಬಹುದು.

ಆಹಾರಕ್ಕೆ ಒದಗುವ ಪ್ರಾಣಿಯಾದುದರಿಂದ ಅದನ್ನು ಕೆತ್ತಿದರೆಂದು ಹೇಳಿಬಿಡುವುದು ಸುಲಭ. ಆದರೆ ಆ ಸೀಮೆಯ ಪ್ರಾಚೀನ ನೆಲೆಗಳಲ್ಲಿ ಹಿಮಸಾರಂಗದ ಎಲುಬುಗಳೇ ಬಹಳವಾಗಿ ದೊರೆಯುತ್ತವೆ. ಗವಿಗಳ ಚಿತ್ರಗಳಲ್ಲಾದರೋ ಕುದುರೆ ಮತ್ತು ಕಾಡೆಮ್ಮೆಗಳಿಗೆ ಪ್ರಾಧಾನ್ಯ. ತಿಂದುದೂ ಕೆತ್ತಿದುದೂ ಒಂದೇ ಆಗಿರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಮೀನಿನ ರೂಪಗಳು ಆ ಯುಗದ ಕಲೆಯಲ್ಲಿ ವಿರಳ. ಪಿರನೀಸ್ ಪರ್ವತದ ತಪ್ಪಲಿನ ಲೋರ್ತೆ ಎಂಬಲ್ಲಿ ದೊರೆತ, ಇದಕ್ಕಿಂತ ಸಾವಿರಾರು ವರ್ಷ ಈಚಿನದಾದ ಕೊಂಬಿನ ತುಂಡೊಂದರಲ್ಲಿ, ಸಾರಂಗಗಳ ಕಾಲುಗಳ ನಡುವೆ ಸಾಲ್ಮನ್ ಮೀನುಗಳನ್ನು ಗೀರಿದ್ದಾರೆ. ಅಲ್ಲಿ ಮೀನು ಸಾರಂಗಗಳ ಜೊತೆಗಿನದು. ಇಲ್ಲಿಯಾದರೋ ಅದೇ ಪ್ರಧಾನ.

ಇನ್ನು ಸ್ಥಳದ ವಿಚಾರ. 1892ರಲ್ಲಿಯೇ ಈ ಆಸರೆಯಲ್ಲಿ ಅಗೆತ ನಡೆದಿದ್ದರೂ ಚಾವಣಿಯ ಮೀನು ಬೆಳಕಿಗೆ ಬಂದುದು 1912ರಲ್ಲಿ. ನೆಲವನ್ನು ಶೋಧಿಸಿದವರು ಇಪ್ಪತ್ತು ವರ್ಷಗಳ ಕಾಲ ತಲೆಯೆತ್ತಿ ನೋಡಿರಲಿಲ್ಲ! ಬೆಳಕಿಗೆ ಬಂದೊಡನೆಯೇ ವಿಪತ್ತೂ ಬಂದಿತು. ಬರ್ಲಿನ್ ನಗರದ ವಸ್ತುಸಂಗ್ರಹಾಲಯಕ್ಕೆ ಮಾರುವ ಉದ್ದೇಶದಿಂದ ಶಿಲ್ಪವನ್ನು ಬಂಡೆಯಿಂದ ಕಿತ್ತೊಯ್ಯುವ ಪ್ರಯತ್ನವು ನಡೆಯಿತು. ಮೀನಿನ ಸುತ್ತ ಚೌಕಾಕಾರವಾಗಿ ಸಾಲುಸಾಲು ರಂಧ್ರಗಳನ್ನು ಕೊರೆದಿದ್ದರು. ಕೆಲಸವು ಪೂರ್ತಿಯಾಗುವಷ್ಟರಲ್ಲಿ ಅದನ್ನು ತಡೆಯಲಾಯಿತು. ಶಿಲ್ಪವು ಫ್ರೆಂಚ್ ಸರ್ಕಾರದ ರಕ್ಷಣೆಗೆ ಒಳಪಟ್ಟಿತು. 1979ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ವೆಝೇರ್ ಕಣಿವೆಯ ನೆಲೆಗಳಲ್ಲಿ ಇದೂ ಒಂದು. ರಂಧ್ರಗಳ ಗಾಯವು ಇಂದಿಗೂ ಮೀನನ್ನು ಚೌಕಟ್ಟಿನಂತೆ ಸುತ್ತುವರಿದಿದೆ.

ಕಿತ್ತೊಯ್ದಿದ್ದರೆ ಹೋಗುತ್ತಿದ್ದುದೇನು? ನಮ್ಮ ಶಾಸನಗಳನ್ನು ಅಭ್ಯಾಸಮಾಡುವವರಿಗೆ ಇದರ ಉತ್ತರವು ತಿಳಿದದ್ದೇ. ಎಲ್ಲೆಗಲ್ಲನ್ನು ಅದು ನಿಂತ ಸ್ಥಳದಿಂದ ಕಿತ್ತರೆ ಅಕ್ಷರಗಳು ಉಳಿಯುತ್ತವೆ. ಅದು ಸೂಚಿಸುತ್ತಿದ್ದ ಎಲ್ಲೆಯು ಅಳಿಯುತ್ತದೆ. ಅಂತೆಯೇ ಈ ಮತ್ಸ್ಯವು ಪರದೇಶದ ಗೋಡೆಯ ಮೇಲಿದ್ದರೂ ಸುಂದರವಾಗಿಯೇ ಇರುತ್ತಿದ್ದಿತು. ಆದರೆ ಕಡಲಿನಿಂದ ಬಂದ ಮೀನಿಗೂ ಅದು ಏರಿಬಂದ ಹೊಳೆಗೂ ದಡದ ಮನುಷ್ಯನ ಮನೆಗೂ ಇದ್ದ ಸಂಬಂಧವನ್ನು ನೋಡುವವರು ಬರೆಹದಿಂದ ಮಾತ್ರ ತಿಳಿಯಬೇಕಾಗುತ್ತಿದ್ದಿತು. ಆ ಸಂಬಂಧವು ಕಣ್ಣಿಗೆ ಕಾಣುವಂತೆ ಉಳಿದಿರುವುದು ಶಿಲ್ಪವು ತನ್ನ ಸ್ಥಳದಲ್ಲಿಯೇ ನಿಂತುದರಿಂದ.