ಹುತ್ತ ನೋಡಿ ಕಟ್ಟಿದ ಕಟ್ಟಡಕ್ಕೆ ಎಸಿ ಬೇಡವೇ? ನಿಸರ್ಗದಿಂದ ತಂತ್ರಜ್ಞಾನ ಕಲಿಸುವಾಗ ನಾವು ಬಿಟ್ಟುಬಿಡುವ ಪ್ರಶ್ನೆಗಳು

“ಆಫ್ರಿಕಾದಲ್ಲಿ ಗೆದ್ದಲು ಹುತ್ತವನ್ನು ನಕಲು ಮಾಡಿ ಕಟ್ಟಿದ ಬಿಲ್ಡಿಂಗ್! ಎಸಿ ಇಲ್ಲ, ಕರೆಂಟ್ ಬಿಲ್ ಇಲ್ಲ! ನಿಸರ್ಗವೇ ದೊಡ್ಡ ಇಂಜಿನಿಯರ್. ಎಲ್ಲ ಗ್ರೂಪ್‌ಗೂ ಕಳಿಸಿ.” ಇಂಥದೊಂದು ಮೆಸೇಜ್ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ ಒಂದು ಕಡೆ ಹುತ್ತ, ಇನ್ನೊಂದು ಕಡೆ ದೊಡ್ಡ ಕಟ್ಟಡ ಇರುವ ಫೋಟೋ.

ಈ ಮೆಸೇಜ್ ಶಾಲೆಗಳನ್ನೂ ತಲುಪಿದೆ. ಹಿಂದೊಮ್ಮೆ ವಿಜ್ಞಾನ ಪ್ರದರ್ಶನವೊಂದಕ್ಕೆ ಹೋಗಿದ್ದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ರಟ್ಟು, ಮಣ್ಣಿನಿಂದ ಚೆಂದದ ಹುತ್ತದ ಮಾದರಿ ಮಾಡಿ ನಿಲ್ಲಿಸಿದ್ದಳು. ಕೆಳಗೆ ನೀಲಿ ಬಾಣ, ಮೇಲೆ ಕೆಂಪು ಬಾಣ. ತಣ್ಣನೆ ಗಾಳಿ ಕೆಳಗಿಂದ ಒಳಗೆ ಬರುತ್ತದೆ, ಬಿಸಿ ಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ ಎಂದು ಒಂದೇ ಉಸಿರಿಗೆ ಹೇಳಿದಳು. “ನಿಮ್ಮ ಸ್ಕೂಲ್ ಹಿಂದಿನ ಹುತ್ತದಲ್ಲೂ ಹೀಗೇನಾ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದನ್ನ ನೋಡಿಲ್ಲ ಮಿಸ್” ಅಂದಳು.

ತಪ್ಪು ಅವಳದಲ್ಲ. ನೋಡಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕಟ್ಟಡದ ಕಥೆ ಎಷ್ಟು ನಿಜ?

ಕಟ್ಟಡ ನಿಜ. ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿರುವ ಈಸ್ಟ್‌ಗೇಟ್ ಸೆಂಟರ್ ಅದು. ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ವಿನ್ಯಾಸ ಮಾಡಿದ ಈ ಕಟ್ಟಡ 1996ರಲ್ಲಿ ಶುರುವಾಯಿತು. ಗೆದ್ದಲು ಹುತ್ತಗಳಿಂದ ಪ್ರೇರಣೆ ಪಡೆದೆ ಎಂದು ಅವರೇ ಹೇಳಿದ್ದಾರೆ. ಸಾಮಾನ್ಯ ಅರ್ಥದ ಸೆಂಟ್ರಲ್ ಎಸಿ ಅಲ್ಲಿಲ್ಲ, ಇದೂ ನಿಜ.

ಆದರೆ ‘ಕರೆಂಟ್ ಬಿಲ್ ಇಲ್ಲ’ ಎಂಬುದು ಸುಳ್ಳು. ರಾತ್ರಿ ಹೊತ್ತು ದೊಡ್ಡ ಫ್ಯಾನ್‌ಗಳು ಹೊರಗಿನ ತಣ್ಣನೆ ಗಾಳಿಯನ್ನು ನೆಲದ ಕೆಳಗಿರುವ ಟೊಳ್ಳು ಜಾಗಗಳ ಮೂಲಕ ಹಾಯಿಸುತ್ತವೆ. ಭಾರೀ ಗಾತ್ರದ ಕಾಂಕ್ರೀಟ್ ಆ ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಗಲಲ್ಲಿ ಅದೇ ದಾರಿಯಲ್ಲಿ ಬರುವ ಗಾಳಿ ತಣ್ಣಗಾಗಿ ಕೋಣೆಗಳಿಗೆ ಸೇರುತ್ತದೆ, ಬಿಸಿಯಾದ ಗಾಳಿ ಚಿಮಣಿಗಳ ಮೂಲಕ ಮೇಲೆ ಹೋಗುತ್ತದೆ. ಫ್ಯಾನ್ ಓಡಲು ಕರೆಂಟ್ ಬೇಕೇ ಬೇಕು. ಅದೇ ಊರಿನ ಸಾಮಾನ್ಯ ಕಟ್ಟಡಗಳಿಗೆ ಹೋಲಿಸಿದರೆ ಸುಮಾರು ಶೇ. 35ರಷ್ಟು ಕಡಿಮೆ ಶಕ್ತಿ ಸಾಕಾಗುತ್ತದೆ ಎಂಬುದು ಪಿಯರ್ಸ್ ಕೊಡುವ ಲೆಕ್ಕ. ಇದು ಸಣ್ಣ ಸಾಧನೆಯಲ್ಲ, ಆದರೆ ಸೊನ್ನೆಯೂ ಅಲ್ಲ.

ಇನ್ನೊಂದು ವಿಷಯವನ್ನು ಫಾರ್ವರ್ಡ್‌ಗಳು ಹೇಳುವುದೇ ಇಲ್ಲ. ಹರಾರೆ ಸಮುದ್ರ ಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಹಗಲು ಬಿಸಿಲಿದ್ದರೂ ರಾತ್ರಿ ಚೆನ್ನಾಗಿ ತಣ್ಣಗಾಗುತ್ತದೆ. ಇಡೀ ವ್ಯವಸ್ಥೆ ನಿಂತಿರುವುದೇ ಆ ರಾತ್ರಿಯ ತಂಪಿನ ಮೇಲೆ. ಅದೇ ನಕ್ಷೆ ತಂದು ಮಂಗಳೂರಿನಲ್ಲಿ ಕಟ್ಟಿದರೆ, ಏಪ್ರಿಲ್ ರಾತ್ರಿಯ ಸೆಕೆಯಲ್ಲಿ ಕಾಂಕ್ರೀಟ್ ಎಲ್ಲಿಂದ ತಂಪು ತರಬೇಕು?

ಹುತ್ತ ಮಾಡುವುದು ಬೇರೆಯೇ ಕೆಲಸ

‘ಹುತ್ತದೊಳಗೆ ಬಿಸಿ ಗಾಳಿ ಮೇಲೆ ಹೋಗಿ ತಂಪಾಗುತ್ತದೆ’ ಎಂಬ ವಿವರಣೆ ಹಳೆಯದು, 1960ರ ದಶಕದ್ದು. ಆಮೇಲೆ ಜೀವವಿಜ್ಞಾನಿ ಸ್ಕಾಟ್ ಟರ್ನರ್ ಆಫ್ರಿಕಾದ ಹುತ್ತಗಳಲ್ಲಿ ಗಾಳಿಯ ಓಡಾಟವನ್ನು ಅಳೆದು ನೋಡಿದರು. ಗೂಡಿನ ಉಷ್ಣಾಂಶ ವರ್ಷವಿಡೀ ಒಂದೇ ಸಮ ಇರಲಿಲ್ಲ, ಸುತ್ತಲಿನ ಮಣ್ಣಿನ ಜೊತೆಗೇ ಏರುತ್ತಿತ್ತು, ಇಳಿಯುತ್ತಿತ್ತು. ಅಂದರೆ ತಂಪಿಗೆ ಕಾರಣ ಮುಖ್ಯವಾಗಿ ನೆಲ, ಮೇಲಿನ ಗೋಪುರವಲ್ಲ. ಗೋಪುರದ ಕೆಲಸ ಉಸಿರಾಟ. ಒಳಗೆ ಲಕ್ಷಾಂತರ ಗೆದ್ದಲುಗಳೂ ಅವು ಬೆಳೆಸುವ ಶಿಲೀಂಧ್ರವೂ ಬಿಡುವ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಬೇಕು, ಆಮ್ಲಜನಕ ಒಳಗೆ ಬರಬೇಕು. ಹುತ್ತವನ್ನು ಎಸಿಗಿಂತ ಶ್ವಾಸಕೋಶಕ್ಕೆ ಹೋಲಿಸುವುದು ಸರಿ. ಈಸ್ಟ್‌ಗೇಟ್ ಕಟ್ಟಡಕ್ಕೆ ಆಧಾರವಾದ ಹುತ್ತದ ಕಲ್ಪನೆಯೇ ಸರಿಯಿರಲಿಲ್ಲ ಎಂದು ಟರ್ನರ್ ಮತ್ತು ರೂಪರ್ಟ್ ಸೋರ್ 2008ರಲ್ಲಿ ಬರೆದರು.

ನಮ್ಮೂರಿನ ಹುತ್ತಗಳ ಅಧ್ಯಯನವೂ ಆಗಿದೆ, ಅದೂ ಬೆಂಗಳೂರಿನಲ್ಲೇ. ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಆಕೊ ಮತ್ತು ಎಲ್. ಮಹಾದೇವನ್ 2015ರಲ್ಲಿ ಪ್ರಕಟಿಸಿದ ಸಂಶೋಧನೆ ಒಡಾಂಟೊಟರ್ಮಿಸ್ ಒಬೆಸಸ್ ಎಂಬ ಗೆದ್ದಲಿನ ಹುತ್ತಗಳದ್ದು. ಹೊರಗೆ ದೊಡ್ಡ ತೂತು ಕಾಣದ, ಸುತ್ತಲೂ ಉಬ್ಬು ಏಣುಗಳಿರುವ ಗೋಪುರದಂಥ ಹುತ್ತ. ಹಗಲಲ್ಲಿ ಹೊರಗಿನ ಏಣುಗಳು ಬೇಗ ಬಿಸಿಯಾಗುತ್ತವೆ, ಅಲ್ಲಿಯ ಗಾಳಿ ಮೇಲೇರಿ ನಡುವಿನ ದಾರಿಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಹೊರಮೈ ತಣ್ಣಗಾದಾಗ ಓಡಾಟ ಪೂರ್ತಿ ತಿರುವುಮುರುವು, ನಡುವೆ ಮೇಲೆ, ಅಂಚಿನಲ್ಲಿ ಕೆಳಗೆ. ಹಗಲೆಲ್ಲ ಒಳಗೆ ಕೂಡಿಕೊಂಡ ಕಾರ್ಬನ್ ಡೈಆಕ್ಸೈಡ್ ರಾತ್ರಿ ಖಾಲಿಯಾಗುತ್ತದೆ. ಹಗಲು–ರಾತ್ರಿಯ ಉಷ್ಣಾಂಶದ ವ್ಯತ್ಯಾಸವನ್ನೇ ಪಂಪ್ ಮಾಡಿಕೊಂಡ ವ್ಯವಸ್ಥೆ ಇದು. ಆ ಹುಡುಗಿಯ ಮಾದರಿಯಲ್ಲಿ ಬಾಣಗಳು ಒಂದೇ ದಿಕ್ಕಿಗಿದ್ದವು. ನಿಜವಾದ ಹುತ್ತದಲ್ಲಿ ಅವು ದಿನಕ್ಕೆರಡು ಬಾರಿ ದಿಕ್ಕು ಬದಲಿಸಬೇಕು. ನನಗಂತೂ ಫಾರ್ವರ್ಡ್‌ನ ಕಥೆಗಿಂತ ಇದೇ ಹೆಚ್ಚು ರೋಚಕ ಅನಿಸುತ್ತದೆ.

ಹಾಗಾದರೆ ಈಸ್ಟ್‌ಗೇಟ್ ವಿಫಲವೇ? ಅಲ್ಲ. ಕಟ್ಟಡವಾಗಿ ಅದು ಕೆಲಸ ಮಾಡುತ್ತಿದೆ, ಏಕೆಂದರೆ ಇಂಜಿನಿಯರುಗಳು ಗಾಳಿ, ಕಾಂಕ್ರೀಟ್, ಹವೆ ಎಲ್ಲವನ್ನೂ ಲೆಕ್ಕ ಹಾಕಿದ್ದರು. ‘ಹುತ್ತದ ನಕಲು’ ಎಂಬ ಲೇಬಲ್ ಮಾತ್ರ ಪೂರ್ತಿ ಸರಿಯಲ್ಲ.

ಹೆಸರು, ಮತ್ತು ಒಂದು ಹಳೆಯ ಸುಳ್ಳು

ಜೀವಿಗಳು ಕೆಲಸ ಮಾಡುವ ರೀತಿಯನ್ನು ನೋಡಿ ವಸ್ತು ಅಥವಾ ವ್ಯವಸ್ಥೆ ರೂಪಿಸುವುದಕ್ಕೆ ಬಯೋಮಿಮಿಕ್ರಿ ಎನ್ನುತ್ತಾರೆ, ಕನ್ನಡದಲ್ಲಿ ನಿಸರ್ಗಾನುಕರಣೆ ಎನ್ನಬಹುದು. 1997ರಲ್ಲಿ ಜನೀನ್ ಬೆನ್ಯಸ್ ಬರೆದ ಪುಸ್ತಕದಿಂದ ಈ ಪದ ಜನಪ್ರಿಯವಾಯಿತು. ಮುಂದೆ ಅವರೂ ಸೇರಿ ಅಮೆರಿಕದಲ್ಲಿ ಬಯೋಮಿಮಿಕ್ರಿ ಇನ್‌ಸ್ಟಿಟ್ಯೂಟ್ ಕಟ್ಟಿದರು. ಶಾಲಾ ಮಕ್ಕಳಿಗೆ ಅದು ವಿನ್ಯಾಸ ಸ್ಪರ್ಧೆಯನ್ನೂ ನಡೆಸುತ್ತದೆ.

ಉದಾಹರಣೆ ಕೇಳಿದರೆ ಎಲ್ಲರೂ ಮೊದಲು ಹೇಳುವುದು ವೆಲ್ಕ್ರೋ. ಅದನ್ನು ನಾಸಾ ಕಂಡುಹಿಡಿಯಿತು ಎಂಬ ಮೆಸೇಜ್ ಸುಳ್ಳು. 1941ರಲ್ಲಿ ಸ್ವಿಸ್ ಇಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಲ್ ನಾಯಿ ಜೊತೆ ತಿರುಗಾಡಿ ಬಂದಾಗ ಬಟ್ಟೆಗೂ ನಾಯಿಯ ಕೂದಲಿಗೂ ಅಂಟಿಕೊಂಡಿದ್ದ ಬರ್ಡಾಕ್ ಗಿಡದ ಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ತುದಿಯಲ್ಲಿ ಸಣ್ಣ ಕೊಕ್ಕೆಗಳಿದ್ದವು. ನಾಸಾ ಅದನ್ನು ಬಾಹ್ಯಾಕಾಶದಲ್ಲಿ ಬಳಸಿ ಹೆಸರುವಾಸಿ ಮಾಡಿತು, ಅಷ್ಟೇ. ಉತ್ತರಾಣಿ ಗಿಡದ ಪಕ್ಕ ಹಾದುಹೋಗಿ ಪ್ಯಾಂಟು ಬಿಡಿಸಿಕೊಂಡವರಿಗೆ ಮೆಸ್ಟ್ರಲ್ ಅವರ ಕುತೂಹಲ ಅರ್ಥವಾದೀತು.

ಆದರೆ ಇಲ್ಲಿ ಮಕ್ಕಳಿಗೆ ಕೇಳಲೇಬೇಕಾದ ಪ್ರಶ್ನೆ ಇದೆ. ಗಿಡದ ಕಾಯಿ ಉದುರಿ, ಕೊಳೆತು ಮಣ್ಣಾಗುತ್ತದೆ. ವೆಲ್ಕ್ರೋ ಸಾಮಾನ್ಯವಾಗಿ ನೈಲಾನ್ ಅಥವಾ ಪಾಲಿಯೆಸ್ಟರ್. ಹಳೆಯ ಸ್ಕೂಲ್ ಬ್ಯಾಗು ಕಸಕ್ಕೆ ಹೋದ ಮೇಲೂ ಅದು ಹಾಗೇ ಇರುತ್ತದೆ. ಆಕಾರ ನಿಸರ್ಗದ್ದು, ವಸ್ತು ಪೆಟ್ರೋಲಿಯಂನದು. ‘ನಿಸರ್ಗದ ಪ್ರೇರಣೆ’ ಎಂದ ಮಾತ್ರಕ್ಕೆ ಪರಿಸರಸ್ನೇಹಿ ಆಗಿಬಿಡುವುದಿಲ್ಲ. ಬೆನ್ಯಸ್ ಇದನ್ನೇ ಮೂರು ಹಂತವಾಗಿ ಹೇಳುತ್ತಾರೆ: ಆಕಾರದ ಅನುಕರಣೆ, ತಯಾರಿಸುವ ವಿಧಾನದ ಅನುಕರಣೆ, ಇಡೀ ಪರಿಸರ ವ್ಯವಸ್ಥೆಯ ಅನುಕರಣೆ. ಶಾಲಾ ಮಾದರಿಗಳು, ಜಾಹೀರಾತುಗಳು ಬಹುತೇಕ ಮೊದಲನೆಯದರಲ್ಲೇ ನಿಂತುಬಿಡುತ್ತವೆ.

ಕೆಸುವಿನ ಎಲೆಯಿಂದ ಶುರು ಮಾಡಿ

ತರಗತಿಯಲ್ಲಿ ಮಾಡಿಸಲು ಪತ್ರೊಡೆಯ ಕೆಸುವಿನ ಎಲೆಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ಎಲೆಯ ಮೇಲೆ ಸ್ವಲ್ಪ ಸೀಮೆಸುಣ್ಣದ ಪುಡಿ ಉದುರಿಸಿ, ಒಂದೆರಡು ಹನಿ ನೀರು ಬಿಟ್ಟು ಎಲೆಯನ್ನು ಓರೆ ಮಾಡಿ. ಹನಿ ಮುತ್ತಿನಂತೆ ಉರುಳುತ್ತಾ ಪುಡಿಯನ್ನೂ ಹೊತ್ತೊಯ್ಯುತ್ತದೆ. ಈಗ ಎಲೆಯ ಒಂದು ಭಾಗವನ್ನು ಬೆರಳಿನಿಂದ ಚೆನ್ನಾಗಿ ಉಜ್ಜಿ, ಮತ್ತೆ ಹನಿ ಬಿಡಿ. ಅಲ್ಲಿ ನೀರು ಮೊದಲಿನಷ್ಟು ಸಲೀಸಾಗಿ ಉರುಳುವುದಿಲ್ಲ. (ದಂಟಿನ ರಸ ತಾಗಿದರೆ ಕೈ ತುರಿಸುತ್ತದೆ, ಮಕ್ಕಳಿಗೆ ಮೊದಲೇ ಹೇಳಿ.)

ಏನಾಯಿತು? ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು, ಅವುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳು ಇರುತ್ತವೆ. ನೀರು ಆ ತುದಿಗಳ ಮೇಲಷ್ಟೇ ಕೂರುತ್ತದೆ, ಕೆಳಗೆಲ್ಲ ಗಾಳಿ. ಉಜ್ಜಿದಾಗ ಆ ರಚನೆ ಹಾಳಾಯಿತು. ತಾವರೆ ಎಲೆಯಲ್ಲಿ ಇದನ್ನೇ ವಿವರವಾಗಿ ತೋರಿಸಿದವರು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್. ಅವರ ಪ್ರಸಿದ್ಧ ಪ್ರಬಂಧ 1997ರಲ್ಲಿ ಬಂತು, 1999ರಲ್ಲಿ ಇದೇ ತತ್ವದ ಗೋಡೆ ಬಣ್ಣ ಮಾರುಕಟ್ಟೆಗೆ ಬಂತು.

ಪ್ರಯೋಗ ಮುಗಿದ ಮೇಲೆ ನಿಜವಾದ ಪಾಠ ಶುರು. ನೀರು ಅಂಟದ ರೈನ್‌ಕೋಟು, ಕಾರ್ಪೆಟ್ಟುಗಳಿಗೆ ಎಷ್ಟೋ ಕಾಲದಿಂದ ಬಳಸುತ್ತಿರುವುದು ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳ ಗುಂಪನ್ನು. ಪರಿಸರದಲ್ಲಿ ಸುಲಭವಾಗಿ ಒಡೆಯದ ಕಾರಣ ಇವಕ್ಕೆ ‘ಫಾರೆವರ್ ಕೆಮಿಕಲ್’ ಎಂಬ ಅಡ್ಡಹೆಸರಿದೆ. ಎಲೆ ಅದೇ ಕೆಲಸವನ್ನು ಮೇಣದಿಂದ, ಮಳೆ ಬಿಸಿಲಿನ ನಡುವೆಯೇ ಮಾಡುತ್ತದೆ. ಸವೆದರೆ ಹೊಸ ಮೇಣ ತಯಾರಿಸಿಕೊಳ್ಳುತ್ತದೆ. ನಮ್ಮ ಬಣ್ಣ ಹಾಗೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವುದಿಲ್ಲ.

ಶಾಲೆಯ ಬಿಸಿ ಕೋಣೆಯನ್ನೇ ಸಮಸ್ಯೆ ಮಾಡಿಕೊಂಡರೆ

ಬಯೋಮಿಮಿಕ್ರಿ ಕಲಿಸುವವರು ಒಂದು ಕ್ರಮ ಅನುಸರಿಸುತ್ತಾರೆ. ಮೊದಲು ಸಮಸ್ಯೆ ಗುರುತಿಸು, ಅದನ್ನು ಜೀವಿಗಳ ಭಾಷೆಗೆ ತಿರುಗಿಸು, ಯಾವ ಜೀವಿ ಅದನ್ನು ಬಿಡಿಸಿಕೊಂಡಿದೆ ಎಂದು ಹುಡುಕು, ಅದರ ತಂತ್ರವನ್ನು ಸರಳ ಮಾತಿನಲ್ಲಿ ಬರೆ, ಮಾದರಿ ಮಾಡು, ಪರೀಕ್ಷಿಸು.

‘ನಮ್ಮ ತಾರಸಿ ಕೋಣೆ ಮಾರ್ಚಿನಲ್ಲಿ ಕಾದು ಹೋಗುತ್ತದೆ’ ಎಂಬುದು ಸಮಸ್ಯೆ ಎಂದುಕೊಳ್ಳಿ. ‘ಎಸಿ ಹೇಗೆ ಹಾಕಿಸುವುದು’ ಎಂದು ಕೇಳಿದರೆ ಉತ್ತರ ಒಂದೇ. ‘ಸುಡುವ ಬಿಸಿಲಲ್ಲಿ ಜೀವಿಗಳು ಹೇಗೆ ಬದುಕುತ್ತವೆ’ ಎಂದು ಕೇಳಿದರೆ ದಾರಿ ಹತ್ತು. ಸಹಾರಾ ಮರುಭೂಮಿಯ ಬೆಳ್ಳಿ ಇರುವೆಯ ಮೈಮೇಲೆ ತ್ರಿಕೋನಾಕಾರದ ಕೂದಲುಗಳಿವೆ. ಅವು ಬಿಸಿಲನ್ನು ವಾಪಸ್ ಕಳಿಸುತ್ತವೆ, ಮೈಯ ಶಾಖವನ್ನು ಹೊರಗೆ ಸೂಸುತ್ತವೆ. ಆಫ್ರಿಕಾದ ಆನೆಯ ಚರ್ಮದ ಸೂಕ್ಷ್ಮ ಬಿರುಕುಗಳು ನೀರು, ಕೆಸರನ್ನು ಹಿಡಿದಿಟ್ಟು ನಿಧಾನವಾಗಿ ಆರಿಸುತ್ತವೆ, ಮೈ ತಂಪಾಗುತ್ತದೆ. ಇರುವೆಯಿಂದ ಸಿಗುವ ತಂತ್ರ ‘ಬೆಳಕನ್ನು ವಾಪಸ್ ಕಳಿಸು’. ತಾರಸಿಯ ಅರ್ಧಕ್ಕೆ ಬಿಳಿ ಸುಣ್ಣ ಬಳಿದು, ಇನ್ನರ್ಧ ಹಾಗೇ ಬಿಟ್ಟು, ಎರಡರ ಕೆಳಗೂ ಥರ್ಮಾಮೀಟರ್ ಇಟ್ಟು ಒಂದು ವಾರ ಬರೆದಿಟ್ಟರೆ ಅದೇ ಪ್ರಾಜೆಕ್ಟ್.

‘ಸುಣ್ಣ ಬಳಿಯಲು ಇರುವೆ ಯಾಕೆ ಬೇಕು, ನಮ್ಮಜ್ಜಿಗೂ ಗೊತ್ತಿತ್ತು’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗೆಂದು ವರದಿಯಲ್ಲೇ ಬರೆಯಲು ಮಕ್ಕಳಿಗೆ ಹೇಳಿ. ಜೀವಿಯ ಹೆಸರು ಸೇರಿಸಿದ್ದರಿಂದ ಐಡಿಯಾ ಹೊಸದಾಗುವುದಿಲ್ಲ, ಅಳೆದಿದ್ದರಿಂದ ಅದು ವಿಜ್ಞಾನವಾಗುತ್ತದೆ.

ನಮ್ಮ ಶಾಲೆಗಳಲ್ಲಿ ತಪ್ಪಿಹೋಗುವುದು ಈ ಕೊನೆಯ ಹಂತ, ಪರೀಕ್ಷೆ. ಇನ್‌ಸ್ಪೈರ್ ಅವಾರ್ಡ್ ಇರಲಿ, ಅಟಲ್ ಟಿಂಕರಿಂಗ್ ಲ್ಯಾಬ್ ಇರಲಿ, ಮಾದರಿ ಹೊಳೆದರೆ ಸಾಕು ಎಂಬ ಭಾವನೆ ಮಕ್ಕಳಿಗೆ ಬಂದುಬಿಟ್ಟರೆ ಕಷ್ಟ. ಪರೀಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೆ ಶಾರ್ಕ್ ಈಜುಡುಗೆ ನೋಡಿ. ಶಾರ್ಕ್ ಚರ್ಮದಂತೆ ಎಂದು ಪ್ರಚಾರ ಪಡೆದ ಸ್ಪೀಡೊ ಕಂಪನಿಯ ಈಜುಡುಗೆಯ ಬಟ್ಟೆಯನ್ನೂ ನಿಜವಾದ ಶಾರ್ಕ್ ಚರ್ಮವನ್ನೂ ಹಾರ್ವರ್ಡ್‌ನ ಜಾರ್ಜ್ ಲಾಡರ್ ಮತ್ತು ಸಂಗಡಿಗರು ನೀರಿನಲ್ಲಿ ಹೋಲಿಸಿದರು. 2012ರ ಆ ವರದಿಯ ಪ್ರಕಾರ ಬಾಗುವ ಹಾಳೆಗೆ ಅಂಟಿಸಿದ ನಿಜ ಚರ್ಮ ವೇಗವನ್ನು ಸುಮಾರು ಶೇ. 12 ಹೆಚ್ಚಿಸಿತು, ಬಟ್ಟೆಯ ಮೇಲ್ಮೈಯಿಂದ ಅಂಥ ಖಚಿತ ಲಾಭ ಕಾಣಲಿಲ್ಲ.

ಅಳೆದು ನೋಡಿ ಗೆದ್ದ ಕಥೆಯೂ ಇದೆ. ಜಪಾನಿನ ಬುಲೆಟ್ ರೈಲು ಸುರಂಗದಿಂದ ಹೊರಬರುವಾಗ ಸ್ಫೋಟದಂಥ ಸದ್ದು ಬರುತ್ತಿತ್ತು. ಪಕ್ಷಿವೀಕ್ಷಕರೂ ಆಗಿದ್ದ ಇಂಜಿನಿಯರ್ ಎಯ್ಜಿ ನಕಾತ್ಸು ಅವರ ತಂಡ ಮಿಂಚುಳ್ಳಿಯ ಕೊಕ್ಕಿನಂಥ, 15 ಮೀಟರ್ ಉದ್ದದ ಮೂತಿ ರೂಪಿಸಿತು. ಹಲವು ಆಕಾರಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅಲ್ಲಿಗೆ ಬಂದದ್ದು. 1997ರಲ್ಲಿ ಓಡಾಟ ಶುರು ಮಾಡಿದ 500 ಸರಣಿಯ ರೈಲು ಅದು. ಈ ಫಾರ್ವರ್ಡ್ ಬಹುಪಾಲು ನಿಜ. ಅದು ಹೇಳದಿರುವುದು ಇಷ್ಟು: ಆ ಉದ್ದ ಮೂತಿ ಪ್ರಯಾಣಿಕರ ಜಾಗವನ್ನು ತಿಂದಿತು, ಮುಂದೆ ಬಂದ ಎನ್700 ರೈಲಿನ ಮೂತಿಯನ್ನು ಕಂಪ್ಯೂಟರ್ ಲೆಕ್ಕದಿಂದ ಬೇರೆಯೇ ಆಕಾರಕ್ಕೆ ಇಳಿಸಿದರು, ಅದು ಗಿಡ್ಡವಾಯಿತು.

ಮುಂದಿನ ಸಲ ‘ನಿಸರ್ಗದ ನಕಲು’ ಎಂಬ ಮೆಸೇಜ್ ಬಂದಾಗ ಮನೆಯ ಮಕ್ಕಳಿಗೆ ತೋರಿಸಿ ಮೂರು ಪ್ರಶ್ನೆ ಕೇಳಿ. ಆ ಜೀವಿ ನಿಜಕ್ಕೂ ಆ ಕೆಲಸ ಮಾಡುತ್ತದಾ? ಯಾರಾದರೂ ಅಳೆದಿದ್ದಾರಾ? ನಕಲು ಮಾಡಿದ ವಸ್ತು ಯಾವುದರಿಂದ ಆಗಿದೆ, ಬಿಸಾಡಿದ ಮೇಲೆ ಎಲ್ಲಿಗೆ ಹೋಗುತ್ತದೆ? ಹತ್ತಿರದಲ್ಲಿ ಹುತ್ತ ಇದ್ದರೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ದೊಡ್ಡವರ ಜೊತೆ ಹೋಗಿ ದೂರದಿಂದ ನೋಡಲಿ. ಯಾವ ಬದಿಗೆ ಯಾವಾಗ ಬಿಸಿಲು ಬೀಳುತ್ತದೆ ಎಂದು ಚಿತ್ರ ಬರೆದುಕೊಳ್ಳಲಿ. ಒಡೆಯುವುದು ಬೇಡ, ಕೈ ಹಾಕುವುದಂತೂ ಬೇಡವೇ ಬೇಡ, ಖಾಲಿ ಹುತ್ತದಲ್ಲಿ ಹಾವು ಸೇರಿಕೊಂಡಿರಬಹುದು.